ಬಟ್ಟೆಯ ಕೆಳಗಿನ ಕಲ್ಲು

ಯುವಜನರ ಕೂಟದ ಸಂದೇಶ, ಹಟ್ಟಿ ಕ್ಯಾಂಪ್
ವಾಕ್ಯಭಾಗ: 2 ಅರಸುಗಳು 22:1–20, ಯೋವೇಲ 2:12–13, 25

ಬೆಂಗಳೂರು, ಹೈದರಾಬಾದ್, ಪುಣೆಯಿಂದ ರಾತ್ರಿ ಬಸ್ಸಿನಲ್ಲಿ ಬಂದವರು ಬಹಳ ಜನ ಇದ್ದೀರಿ. ನಿದ್ದೆ ಆಗಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತೆ. ಆದರೂ ಬಂದು ಕೂತಿದ್ದೀರಲ್ಲ, ದೇವರಿಗೆ ಸ್ತೋತ್ರ.

ಇವತ್ತಿನ ವಿಷಯ ಪುನಃಸ್ಥಾಪನೆ. ಹಾಳಾದದ್ದನ್ನು ದೇವರು ಮತ್ತೆ ಸರಿಮಾಡುವುದು. "ಕರ್ತನೇ, ನನ್ನನ್ನು ರಿಸ್ಟೋರ್ ಮಾಡು" ಅಂತ ನಾವೆಲ್ಲ ಪ್ರಾರ್ಥಿಸುತ್ತೇವೆ. ಆದರೆ ಮನಸ್ಸಿನಲ್ಲಿ ಏನು ಕೇಳ್ತಿರ್ತೀವಿ? ಬೇರೆ ಕೆಲಸ, ಬೇರೆ ಊರು, ಬೇರೆ ಸ್ನೇಹಿತರು, ಜನರ ಮುಂದೆ ತಲೆ ಎತ್ತಿ ನಡೆಯುವ ಹಾಗೆ ಒಂದು ಹೊಸ ರೂಪ. ದೇವರು ಇದನ್ನೆಲ್ಲ ಕೊಡಬಲ್ಲನು. ಆದರೆ ಆತನು ಕೆಲಸ ಶುರು ಮಾಡುವ ಜಾಗ ಅದಲ್ಲ.

ಇದು ಅರ್ಥ ಆಗಬೇಕಾದರೆ ನಿಮ್ಮನ್ನು ಇದೇ ಹಟ್ಟಿಯ ಒಂದು ಮನೆಯ ಪಕ್ಕದ ತಗಡಿನ ಶೆಡ್ಡಿಗೆ ಕರಕೊಂಡು ಹೋಗಬೇಕು. ನಮ್ಮ ಸಭೆಯ ಒಬ್ಬ ಅಣ್ಣ, ಫಿಟ್ಟರ್ ಆಗಿದ್ದು ರಿಟೈರ್ ಆದವರು. ಅವರನ್ನೂ ಅವರ ಮನೆಯವರನ್ನೂ ಕೇಳಿಕೊಂಡೇ ಹೇಳ್ತಿದ್ದೀನಿ, ಹೆಸರು ಹೇಳೋದಿಲ್ಲ. ಅವರು ಗುಜರಿಯಿಂದ ಒಂದು ಹಳೇ ಪೂಲ್ ಟೇಬಲ್ ತಂದರು. ಎಂಟು ಅಡಿ ಉದ್ದ, ಸಾಗವಾನಿ ಕಾಲು, ಮೇಲೆ ಬಣ್ಣ ಹೋಗಿ ಅಲ್ಲಲ್ಲಿ ತೂತು ಬಿದ್ದ ಹಸಿರು ಬಟ್ಟೆ. ಎಷ್ಟು ಕಾಲದ್ದೋ ಗೊತ್ತಿಲ್ಲ. ಅದನ್ನು ಮನೆಯಲ್ಲೇ ಸರಿಮಾಡಬೇಕು ಅಂತ ಅವರ ಆಸೆ.

ಕೆಲವರು ಹುಬ್ಬು ಗಂಟಿಕ್ಕಿದ್ದು ನನಗೆ ಕಾಣಿಸ್ತು. "ಪಾಸ್ಟರ್, ಅದು ಕ್ಲಬ್ಬಿನ ಸಾಮಾನು, ಜೂಜಿನ ಸಾಮಾನು." ನೋಡ್ರಿ, ಬಿಲಿಯರ್ಡ್ಸ್ ಟೇಬಲ್ ನಮ್ಮ ದೇಶಕ್ಕೆ ಬಂದದ್ದು ಬ್ರಿಟಿಷರ ಜೊತೆ, ಅವರ ಕ್ಲಬ್ಬುಗಳಿಗೆ. ಸ್ನೂಕರ್ ಆಟ ಹುಟ್ಟಿದ್ದೇ ಇಲ್ಲಿ, 1875ರಲ್ಲಿ, ಜಬಲ್ಪುರದ ಸೈನ್ಯಾಧಿಕಾರಿಗಳ ನಡುವೆ. ಇವತ್ತು ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಅದೇ ಹಸಿರು ಬಟ್ಟೆಯ ಮೇಲೆ ಎಷ್ಟೋ ಸಲ ವಿಶ್ವ ಚಾಂಪಿಯನ್ ಆಗಿದ್ದಾರೆ. ಆಟ ಬೇರೆ, ಜೂಜು ಬೇರೆ. ಕಟ್ಟಿಗೆಗೂ ಕಲ್ಲಿಗೂ ಪಾಪ ಅಂಟೋದಿಲ್ಲ, ಪಣ ಕಟ್ಟುವ ಮನಸ್ಸಿಗೆ ಅಂಟುತ್ತೆ. ಆ ಮಾತಿಗೆ ಮುಂದೆ ಬರ್ತೀನಿ.

ಮೊದಲನೆಯದು: ಬಟ್ಟೆ ಬಿಚ್ಚಬೇಕು

ನೋಡೋಕೆ ಬಂದವರೆಲ್ಲ ಅಣ್ಣನಿಗೆ ಒಂದೇ ಬುದ್ಧಿ ಹೇಳಿದರು: "ಮ್ಯಾಲ ಹೊಸಾ ಬಟ್ಟಿ ಹಾಕ್ಸು, ಕಾಲಿಗೆ ಪಾಲಿಶ್ ಹೊಡ್ಸು, ಮುಗೀತು." ಅವರು ಅಂದರು: "ಮೊದಲ ಬಿಚ್ಚಿ ನೋಡೂಣು."

ಟೇಬಲ್ಲಿನ ಕೆಳಗೆ ಮಲಗಿ ಸುತ್ತಲಿನ ಪಟ್ಟಿಗಳ ಬೋಲ್ಟು ಬಿಚ್ಚಿದರು. ತುಕ್ಕು ಹಿಡಿದಿದ್ದವು. ಬಟ್ಟೆಗೆ ಹೊಡೆದ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಬಟ್ಟೆ ಎಳೆದಾಗ ಧೂಳು ಎದ್ದಿತು, ಅದರ ಕೆಳಗೆ ಕಪ್ಪು ಕಲ್ಲು ಕಂಡಿತು.

ಹೌದು, ಕಲ್ಲು. ಹಿಂದೆ ಈ ಟೇಬಲ್ಲುಗಳ ಹಾಸು ಹಲಗೆಯದಾಗಿತ್ತು. ಹಲಗೆ ಬಿಸಿಲು ಮಳೆಗೆ ಬಾಗುತ್ತೆ. ಅದಕ್ಕೇ ಲಂಡನ್ನಿನ ಥರ್ಸ್ಟನ್ ಅನ್ನುವ ತಯಾರಕರು 1826ರ ಹೊತ್ತಿಗೆ ಸ್ಲೇಟ್ ಕಲ್ಲು ಹಾಸೋಕೆ ಶುರು ಮಾಡಿದರು. ಕ್ಲಬ್ಬುಗಳ ದೊಡ್ಡ ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ, ಅದಕ್ಕೆ ಐದು ಕಲ್ಲು. ಎಲ್ಲ ಸೇರಿ ಒಂದು ಟನ್ನಿಗಿಂತ ಹೆಚ್ಚು ತೂಕ. ನಮ್ಮ ಅಣ್ಣನ ಟೇಬಲ್ಲಿಗೆ ಮೂರು ಕಲ್ಲು. ಜನ ನೋಡೋದು ಬಟ್ಟೆ. ಆದರೆ ಚೆಂಡು ಓಡುವುದು ಕಲ್ಲಿನ ಮಾತು ಕೇಳಿ.

ಈಗ ಯೋಷೀಯನನ್ನು ನೋಡೋಣ. ಎಂಟು ವರ್ಷಕ್ಕೆ ಪಟ್ಟಕ್ಕೆ ಬಂದ ಹುಡುಗ. ಆಳ್ವಿಕೆಯ ಹದಿನೆಂಟನೇ ವರ್ಷ ದೇವಾಲಯದ ಜೀರ್ಣೋದ್ಧಾರಕ್ಕೆ ಕೈಹಾಕಿದ. ಅಂದರೆ ವಯಸ್ಸೆಷ್ಟು? ಇಪ್ಪತ್ತಾರು. ನಿಮ್ಮದೇ ವಯಸ್ಸು! ಬಡಗಿಗಳನ್ನು, ಕಲ್ಲುಕೆಲಸದವರನ್ನು ಹಚ್ಚಿದ, ಮರ ತರಿಸಿದ, ಕೆತ್ತಿದ ಕಲ್ಲು ತರಿಸಿದ. ಆ ಕೆಲಸ ನಡೆಯುವಾಗ ಮಹಾಯಾಜಕ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಅದನ್ನು ಓದಿ ಕೇಳಿಸಿದಾಗ ಅರಸನು ತನ್ನ ಬಟ್ಟೆ ಹರಿದುಕೊಂಡ. ಗೋಡೆ ರಿಪೇರಿ ಚೆನ್ನಾಗಿಯೇ ನಡೀತಿತ್ತು. ಆದರೆ ದೇವರ ದೃಷ್ಟಿಯಲ್ಲಿ ನಿಜವಾದ ರಿಪೇರಿ ಶುರುವಾದದ್ದು ಆ ಬಟ್ಟೆ ಹರಿದ ಗಳಿಗೆಯಲ್ಲಿ. ಪ್ರವಾದಿನಿ ಹುಲ್ದಳ ಮೂಲಕ ದೇವರು ಕಳಿಸಿದ ಉತ್ತರದಲ್ಲಿ ಕಟ್ಟಡದ ಮಾತೇ ಇಲ್ಲ. ನಿನ್ನ ಹೃದಯ ಕರಗಿತು, ನಾನು ಕೇಳಿಸಿಕೊಂಡೆ ಅನ್ನುವುದೇ ಅದರ ಸಾರ. ಯೋವೇಲನು ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಹರಿಯಬೇಕಾದ್ದು ಮೈಮೇಲಿನ ಬಟ್ಟೆಯಲ್ಲ, ಹೃದಯ.

ನಾವು ಏನು ಮಾಡ್ತೀವಿ? ಹಳೇ ಬಟ್ಟೆಯ ಮೇಲೇ ಹೊಸ ಬಟ್ಟೆ ಹೊದಿಸಿ ದೇವರಿಗೆ ತೋರಿಸ್ತೀವಿ. ಹೊಸ ಸಭೆ, ಹೊಸ ಗಿಟಾರ್, ಬಯೋದಲ್ಲಿ ಹೊಸ ವಾಕ್ಯ. ಬಿಚ್ಚೋಕೆ ಮಾತ್ರ ಒಪ್ಪೋದಿಲ್ಲ.

ಎರಡನೆಯದು: ಕೆಳಗೆ ಇಟ್ಟದ್ದನ್ನು ತೆಗೆಯಬೇಕು

ಕಲ್ಲು ಎತ್ತೋದು ಒಬ್ಬರ ಕೆಲಸ ಅಲ್ಲ. ಅಣ್ಣ ಮಗನನ್ನು ಕರೆದರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು, ಭಾನುವಾರ ಅಲ್ಲಿಯ ಸಭೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು. ಎರಡು ತಿಂಗಳಿಂದ ಮನೆಯಲ್ಲೇ ಇದ್ದ. "ವರ್ಕ್ ಫ್ರಮ್ ಹೋಮ್" ಅಂತ ಹೇಳಿದ್ದ. ಅಕ್ಕಪಕ್ಕದವರೂ ಮೂವರು ಬಂದು ಕೈಹಾಕಿದರು. ಮೊದಲ ಕಲ್ಲು ಎತ್ತಿದಾಗ ಅದರ ಕೆಳಗೆ, ಚೌಕಟ್ಟಿನ ಒಂದು ಮೂಲೆಯಲ್ಲಿ, ಮಡಚಿ ತುರುಕಿದ ಇಸ್ಪೀಟ್ ಎಲೆಗಳಿದ್ದವು. ಟೇಬಲ್ ಒಂದು ಕಡೆ ಇಳಿದಾಗ ಯಾರೋ ಕೈಗೆ ಸಿಕ್ಕ ಎಲೆಗಳನ್ನೇ ಕಲ್ಲಿನ ಕೆಳಗೆ ಸೇರಿಸಿ ಎತ್ತರ ಸರಿಮಾಡಿದ್ದರು. ಇದು ಅಪರೂಪವೇನಲ್ಲ, ಹಳೇ ಟೇಬಲ್ಲುಗಳನ್ನು ಬಿಚ್ಚಿದವರಿಗೆ ಗೊತ್ತು. ಎಲೆಗಳು ತೇವ ಕುಡಿದು, ಭಾರಕ್ಕೆ ಚಪ್ಪಟೆಯಾಗಿ, ಆ ಮೂಲೆ ಮತ್ತೆ ಇಳಿದಿತ್ತು.

ನಮ್ಮ ಪಕ್ಕದ ಮಸ್ಕಿ ನಿಮಗೆಲ್ಲ ಗೊತ್ತು. 1915ರಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಅಲ್ಲಿಯ ಬೆಟ್ಟಕ್ಕೆ ಬಂದಾಗ ಬಂಡೆಯ ಮೇಲೆ ಬರಹ ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನುವ ಬಿರುದುಗಳಷ್ಟೇ ಇದ್ದವು. ಅದು ಯಾರು ಅಂತ ತಿಳಿಸಿದ ಅಶೋಕ ಅನ್ನುವ ಹೆಸರು ಮಸ್ಕಿಯ ಕಲ್ಲಿನಲ್ಲಿ ಸಿಕ್ಕಿತು. ಹುಡುಕಿದ್ದು ಒಂದು, ಸಿಕ್ಕಿದ್ದು ಅದಕ್ಕಿಂತ ದೊಡ್ಡದು. ಹಿಲ್ಕೀಯನಿಗೂ ಹಾಗೇ, ದೇವಾಲಯ ರಿಪೇರಿ ಮಾಡಲು ಹೋದ, ದೇವರ ಮಾತು ಸಿಕ್ಕಿತು. ಆ ಶೆಡ್ಡಿನಲ್ಲಿಯೂ ಹಾಗೇ ಆಯಿತು.

ಅಕ್ಕಪಕ್ಕದವರು ಚಹಾಕ್ಕೆ ಅಂತ ಹೊರಗೆ ಹೋಗಿದ್ದರು. ಮಗ ಆ ಎಲೆಗಳನ್ನು ಕೈಯಲ್ಲಿ ಹಿಡಿದು ಕೂತಿದ್ದ. ಬಹಳ ಹೊತ್ತಿನ ಮೇಲೆ ಅಂದ: "ಅಪ್ಪಾ, ನಂದೂ ಹಿಂಗ ಐತಿ."

"ಏನಪಾ, ಹೇಳು."

"ಅವ್ವನ ಕೊರಳಾಗಿಂದು ಬಂಗಾರ ಅಲ್ಲಪ್ಪಾ."

ಐಪಿಎಲ್ ಬೆಟ್ಟಿಂಗ್ ಆ್ಯಪ್‌ನಿಂದ ಶುರುವಾದದ್ದು. ಮೊದಲು ಐನೂರು, ಆಮೇಲೆ ಸಂಬಳ, ಆಮೇಲೆ ಲೋನ್ ಆ್ಯಪ್. ಕೊನೆಗೆ ಕೋರ್ಸಿಗೆ ಫೀಸು ಕಟ್ಟಬೇಕು ಅಂತ ಹೇಳಿ ತಾಯಿಯ ಸರ ತಗೊಂಡು ಅಡವಿಟ್ಟಿದ್ದ. ಗಂಡನಿಗೆ ಗೊತ್ತಾಗಬಾರದು ಅಂತ ಆ ತಾಯಿ ಒನ್ ಗ್ರಾಂ ಗೋಲ್ಡ್ ಸರ ಹಾಕಿಕೊಂಡು ಓಡಾಡುತ್ತಿದ್ದರು. ಕೆಲಸವೂ ಹೋಗಿತ್ತು. ಚಿನ್ನ ತೆಗೆಯುವ ಊರು ನಮ್ಮದು. ಒಂದು ಟನ್ ಅದಿರು ಪುಡಿ ಮಾಡಿದರೆ ಕೆಲವೇ ಗ್ರಾಂ ಚಿನ್ನ ಸಿಗುತ್ತೆ. ಆ ಮನೆಯ ಯಜಮಾನ ಗಣಿಯಲ್ಲಿ ಬೆವರು ಸುರಿಸಿ ಹೆಂಡತಿಯ ಕೊರಳಿಗೆ ಹಾಕಿದ ಸರ ಅದು.

ತಂದೆ ಸುಮ್ಮನೆ ಕೂತರು. ಬೈಯಲಿಲ್ಲ, ಹೊಡೆಯಲಿಲ್ಲ. ಆಮೇಲೆ ಎದ್ದು ಅಂದರು: "ಬಾ, ಕಲ್ಲು ಹಿಡಿ. ಒಬ್ಬಾಂವಗ ಎತ್ತಾಕ ಆಗಂಗಿಲ್ಲ."

ತಮ್ಮಂದಿರೇ, ತಂಗಿಯರೇ, ಕೇಳ್ರಿ. 2025ರಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಒಳ್ಳೇದು. ಆದರೆ ಕಾನೂನು ಫೋನಿನಿಂದ ಆ್ಯಪ್ ತೆಗೆದೀತು, ಎದೆಯಿಂದ ಆಸೆ ತೆಗೆಯೋಕಾಗಲ್ಲ. ನಿಮ್ಮ ಕಲ್ಲಿನ ಕೆಳಗೆ ಏನು ತುರುಕಿದ್ದೀರಿ? ಸುಳ್ಳೋ, ಸಾಲವೋ, ರಾತ್ರಿ ನೋಡುವ ವಿಡಿಯೋನೋ? ಯಾವುದನ್ನು ಆಧಾರ ಅಂತ ಇಟ್ಟಿರಿ, ಅದೇ ನಿಮ್ಮನ್ನು ಇಳಿಸ್ತಾ ಇದೆ.

ಮೂರನೆಯದು: ನಿಧಾನವಾಗಿ ಉರುಳುವ ಚೆಂಡು

ಅಣ್ಣ ಮೂರೂ ಕಲ್ಲನ್ನು ಪರೀಕ್ಷೆ ಮಾಡಿದರು. ಒಂದೂ ಬಾಗಿರಲಿಲ್ಲ, ಒಂದೂ ಬಿರುಕು ಬಿಟ್ಟಿರಲಿಲ್ಲ. ಕಲ್ಲು ಕೆಟ್ಟಿರಲಿಲ್ಲ, ಕೂತ ಜಾಗ ಕೆಟ್ಟಿತ್ತು. ಈ ಮಾತಿಗೆ ಒಂದು ಆಮೆನ್ ಹೇಳ್ರಿ! ದೇವರು ನಿನ್ನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನು. ಪಾಪ ನಿನ್ನನ್ನು ವಾರೆ ಮಾಡಿದೆ, ನಿಜ. ಆದರೆ ಆತನು ನಿನ್ನನ್ನು ಗುಜರಿಗೆ ಹಾಕೋದಿಲ್ಲ.

ಚೌಕಟ್ಟಿನ ಸಡಿಲ ಕೀಲುಗಳಿಗೆ ಅಂಟು ಹಾಕಿ ಬಿಗಿದರು. ಕಲ್ಲು ಕೂರಿಸಿ ರಸಮಟ್ಟ ಇಟ್ಟರು. ಒಂದು ಮೂಲೆ ಎತ್ತಿದರೆ ಇನ್ನೊಂದು ತಪ್ಪುತ್ತಿತ್ತು. ಇಸ್ಪೀಟ್ ಎಲೆ ಬದಲು ತೆಳ್ಳಗೆ ಸೀಳಿದ ಗಟ್ಟಿ ಕಟ್ಟಿಗೆಯ ಬೆಣೆ ಕೊಟ್ಟು, ಮತ್ತೆ ನೋಡಿ, ಮತ್ತೆ ತೆಗೆದು, ಮೂರು ಸಂಜೆ ಅದೇ ಕೆಲಸ. ಕಲ್ಲುಗಳ ನಡುವಿನ ಸಂದಿಗೆ ಜೇನುಮೇಣ ಕರಗಿಸಿ ಹೊಯ್ದು, ಆರಿದ ಮೇಲೆ ಉಬ್ಬಿದ್ದನ್ನು ಕೆರೆದು ಸಮ ಮಾಡಿದರು.

ಕೊನೆಗೆ ಪರೀಕ್ಷೆ. ಮಗ ಚೆಂಡನ್ನು ಜೋರಾಗಿ ತಳ್ಳಿದ, ನೇರ ಹೋಯಿತು. "ಸರಿ ಆತು" ಅಂದ. ತಂದೆ ಅಂದರು: "ಜೋರ್ ಹೊಡದ್ರ ಎಲ್ಲಾನೂ ನೆಟ್ಟಗ ಹೋಕ್ಕತಿ. ಸಾವಕಾಶ ಬಿಡು." ಸಾವಕಾಶ ಬಿಟ್ಟರು. ಚೆಂಡು ನಿಲ್ಲುವ ಹೊತ್ತಿಗೆ ಸ್ವಲ್ಪ ಎಡಕ್ಕೆ ವಾಲಿತು. ಮತ್ತೆ ಬೆಣೆ.

ನಗರದ ಜೀವನ ಜೋರಾಗಿ ಹೊಡೆದ ಚೆಂಡು. ಬೆಳಿಗ್ಗೆ ಮೆಟ್ರೋ, ಹಗಲು ಟಾರ್ಗೆಟ್, ಸಂಜೆ ಟ್ರಾಫಿಕ್, ಭಾನುವಾರ ಆರಾಧನೆಯ ಸದ್ದು. ಆ ವೇಗದಲ್ಲಿ ವಾರೆ ಗೊತ್ತಾಗೋದಿಲ್ಲ. ರಾತ್ರಿ ಎರಡು ಗಂಟೆಗೆ ಪಿ.ಜಿ. ರೂಮಿನಲ್ಲಿ ಒಬ್ಬನೇ ಇದ್ದಾಗ, ಯಾರೂ ನೋಡದಿದ್ದಾಗ, ನಿನ್ನ ಮನಸ್ಸು ಯಾವ ಕಡೆ ಉರುಳುತ್ತೆ? ಅದೇ ನಿನ್ನ ನಿಜವಾದ ಮಟ್ಟ. ಆಮೋಸನು ತನ್ನ ಏಳನೆಯ ಅಧ್ಯಾಯದಲ್ಲಿ ಕಂಡ ದರ್ಶನ ನೆನಪಿದೆಯಾ? ಕರ್ತನು ಕೈಯಲ್ಲಿ ನೂಲುಗುಂಡು ಹಿಡಿದು ಗೋಡೆಯ ಬಳಿ ನಿಂತಿದ್ದನು. ನೂಲುಗುಂಡು ಸುಳ್ಳು ಹೇಳುವುದಿಲ್ಲ. ಆದರೆ ಸುವಾರ್ತೆ ಏನು? ಅಳತೆ ಹಿಡಿದ ಆ ಕೈಯೇ ನಮಗೋಸ್ಕರ ಮೊಳೆ ಹೊಡೆಸಿಕೊಂಡ ಕೈ. ನಜರೇತಿನ ಬಡಗಿಗೆ ವಾರೆ ತೆಗೆಯುವುದು ಗೊತ್ತು. ಯಾವ ಟೇಬಲ್ಲೂ ತನ್ನನ್ನು ತಾನೇ ಮಟ್ಟ ಮಾಡಿಕೊಳ್ಳೋದಿಲ್ಲ. ಪವಿತ್ರಾತ್ಮನು ಮಟ್ಟ ಮಾಡುತ್ತಾನೆ, ನೀನು ಆ ಕೈಯ ಕೆಳಗೆ ಇರಬೇಕು ಅಷ್ಟೇ. ಹಲ್ಲೆಲೂಯಾ!

ಹೊಸ ಹಸಿರು ಬಟ್ಟೆ ಹಾಕಿದ್ದು ಯಾವಾಗ? ಎಲ್ಲಕ್ಕಿಂತ ಕೊನೆಗೆ. ಗಟ್ಟಿಯಾಗಿದ್ದ ಕುಶನ್ ರಬ್ಬರನ್ನೂ ಬದಲಿಸಿದ ಮೇಲೆ. ನಾವು ಮೊದಲು ಕೇಳುವುದನ್ನು ದೇವರು ಬಹಳ ಸಲ ಕೊನೆಗೆ ಕೊಡುತ್ತಾನೆ. ತಡ ಮಾಡಿದ ಅಂತ ಅಳಬೇಡ, ಕೆಳಗಿನ ಕೆಲಸ ನಡೀತಿದೆ.

ಯೋವೇಲನ ಮೂಲಕ ದೇವರು, ಮಿಡತೆ ತಿಂದುಹಾಕಿದ ವರ್ಷಗಳ ನಷ್ಟವನ್ನು ತುಂಬಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದಾನೆ. ಆ ಮಾತು ಬರುವುದು ಹೃದಯ ಹರಿಯುವ ಮಾತಿನ ನಂತರ, ಅದಕ್ಕಿಂತ ಮೊದಲಲ್ಲ. ಆ ಮಗನ ಸರ ಇನ್ನೂ ಬಿಡಿಸಿಲ್ಲ. ರಾಯಚೂರಿನಲ್ಲಿ ಕೆಲಸ ಸಿಕ್ಕಿದೆ, ತಿಂಗಳು ತಿಂಗಳು ಕಟ್ಟುತ್ತಿದ್ದಾನೆ. ಅವನ ಫೋನಿನ ಲೆಕ್ಕ ತಂದೆ ನೋಡುತ್ತಾರೆ. ಆದರೆ ತಾಯಿ ಆ ಒನ್ ಗ್ರಾಂ ಸರ ತೆಗೆದಿಟ್ಟಿದ್ದಾರೆ. ಬರಿಗೊರಳಲ್ಲೇ ಸಭೆಗೆ ಬರುತ್ತಾರೆ. "ಈಗ ಮನ್ಯಾಗ ಸುಳ್ಳಿಲ್ಲ, ಅದಾ ನನಗ ಬಂಗಾರ" ಅಂದರು ಆ ತಾಯಿ. ಮಿಡತೆ ತಿಂದ ವರ್ಷಗಳು ಹೀಗೂ ತಿರುಗಿ ಬರುತ್ತವೆ.

ಇವತ್ತು ಏನು ಮಾಡಬೇಕು? ಒಂದು, ದೇವರ ಮುಂದೆ ಅದರ ಹೆಸರು ಹಿಡಿದು ಹೇಳಿ, "ನನ್ನ ಬಲಹೀನತೆ" ಅಂತ ಸುತ್ತಿ ಹೇಳಬೇಡಿ. ಎರಡು, ಈ ವಾರದೊಳಗೆ ನಂಬಿಕೆಯುಳ್ಳ ಒಬ್ಬರಿಗೆ ಹೇಳಿ, ಕಲ್ಲು ಒಬ್ಬರಿಂದ ಏಳೋದಿಲ್ಲ. ಮೂರು, ತಗೊಂಡದ್ದನ್ನು ಹಿಂದಿರುಗಿಸೋಕೆ ಶುರು ಮಾಡಿ. ಜಕ್ಕಾಯನು ಯೇಸುವನ್ನು ಮನೆಗೆ ಸೇರಿಸಿಕೊಂಡ ದಿನವೇ ಲೆಕ್ಕ ತೀರಿಸುವ ಮಾತಾಡಿದ. ಸಾವಿರ ಆಗದಿದ್ದರೆ ನೂರು ಕೊಡಿ, ಆದರೆ ಶುರು ಮಾಡಿ.

ಎಲ್ಲರೂ ಕಣ್ಣು ಮುಚ್ಚೋಣ. ಸಂಗೀತ ನಿಲ್ಲಿಸಿ, ಸ್ವಲ್ಪ ಹೊತ್ತು ಸದ್ದು ಬೇಡ.

ಪರಲೋಕದ ತಂದೆಯೇ, ಈ ಮಕ್ಕಳು ಓಡಿ ಓಡಿ ದಣಿದಿದ್ದಾರೆ. ಅವರ ಕೆಳಗೆ ಏನಿದೆ ಅಂತ ನಿನಗೆ ಗೊತ್ತು. ನಾಚಿಕೆಯಿಂದ ಅವರು ಮುಚ್ಚಿಟ್ಟದ್ದನ್ನು ನಿನ್ನ ಪ್ರೀತಿಯ ಕೈಯಿಂದ ಬಿಚ್ಚು. ಹೇಳುವ ಮಗನಿಗೆ ಧೈರ್ಯ ಕೊಡು, ಕೇಳುವ ತಂದೆತಾಯಿಗೆ ಮೃದುವಾದ ಹೃದಯ ಕೊಡು. ವಾರೆಯಾದದ್ದನ್ನು ಮಟ್ಟ ಮಾಡು. ಕಳೆದ ವರ್ಷಗಳನ್ನು ನಿನ್ನ ರೀತಿಯಲ್ಲಿ ತುಂಬಿಕೊಡು. ಯೇಸುವಿನ ಪರಿಶುದ್ಧ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ಆಮೆನ್.