ದಣಿದವನಿಗೆ ದೇವರು ಮೊದಲು ಕೊಟ್ಟದ್ದು ರೊಟ್ಟಿ

ಪ್ರವಾದಿ ಎಲೀಯನ ಕಥೆಯಲ್ಲಿ ನಮ್ಮ ಸಭೆಗಳು ಇಷ್ಟಪಟ್ಟು ಕೇಳುವುದು ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿದ ಪ್ರಸಂಗ. ನನಗೆ ಬೇಕಾದದ್ದು ಅದರ ಮುಂದಿನ ಅಧ್ಯಾಯ. ಅಷ್ಟು ದೊಡ್ಡ ಗೆಲುವು ಕಂಡವನು ರಾಣಿಯ ಬೆದರಿಕೆಗೆ ಅಂಜಿ ಅಡವಿಗೆ ಓಡುತ್ತಾನೆ. ಗಿಡವೊಂದರ ಬುಡದಲ್ಲಿ ಕೂತು, ಇನ್ನು ಬದುಕಲಾರೆನೆಂದು ಮೊರೆಯಿಡುತ್ತಾನೆ. ನಂಬಿಕೆ ಎಲ್ಲಿ ಹೋಯಿತೆಂದು ದೇವರು ಗದರಿಸುವುದಿಲ್ಲ. ಮಲಗಲು ಬಿಡುತ್ತಾನೆ. ದೂತ ಬಂದು ತಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ, ಎದ್ದು ಮತ್ತೆ ತಿನ್ನುತ್ತಾನೆ. ಮಾತುಕತೆಯೆಲ್ಲ ಆಮೇಲೆ, 40 ದಿನದ ದಾರಿ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ.

ಬೆಂಗಳೂರಿನ ಜೆ.ಪಿ. ನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಸಾಫ್ಟ್‌ವೇರ್ ಟೀಮ್ ನಡೆಸುವವಳು ನಾನು. ಅಮೆರಿಕದವರಿಗೆ ಬೆಳಗಾದಾಗ ನಮಗೆ ರಾತ್ರಿಯ ಕಾಲ್ ಶುರು. ಕಳೆದ ವರ್ಷ ಭಾನುವಾರ ಸಂಜೆಯಾದರೆ ಸಾಕು, ಎದೆ ಬಿಗಿಯುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ; ಪ್ರಾರ್ಥನೆಗೆ ಕೂತರೂ ತಲೆಯಲ್ಲಿ ಟಿಕೆಟ್ ನಂಬರುಗಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಗುರುತು ಹೇಳಿತು: ಬಸವಳಿಕೆ, ಕೆಲಸದ ಮೇಲೆ ಜಿಗುಪ್ಸೆ, ಕೈಲಾಗುತ್ತಿಲ್ಲವೆಂಬ ಭಾವ. ಮೂರನ್ನೂ ನಾನು ಎಲೀಯನಲ್ಲಿ ಕಾಣುತ್ತೇನೆ. ಇನ್ನೂ ಹೆಚ್ಚು ಪ್ರಾರ್ಥಿಸು, ಮನೋವೈದ್ಯರ ಹತ್ತಿರ ಹೋಗುವುದು ಅಪನಂಬಿಕೆ ಎಂದವರಿದ್ದರು. ಅದು ತಪ್ಪು ಬೋಧನೆ. ರೊಟ್ಟಿ ಕಳಿಸಿದ ದೇವರು ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯ ಬಾಗಿಲನ್ನು ಮುಚ್ಚುವವನಲ್ಲ.

ಆದರೆ ನಿದ್ದೆ ಮರಳಿದ ಮೇಲೂ ಒಂದು ಪ್ರಶ್ನೆ ಉಳಿಯಿತು: ವಿಶ್ರಾಂತಿ ಯಾತಕ್ಕೆ? ಸೋಮವಾರ ಮತ್ತೆ ದುಡಿಯಲಿಕ್ಕಾ? ಹಾಗಾದರೆ ಅದೂ ಕೆಲಸದ ಭಾಗವೇ. ಆದಿಕಾಂಡದಲ್ಲಿ ಮನುಷ್ಯ ಹುಟ್ಟುವುದು ಆರನೆಯ ದಿನ. ಅವನು ಕಂಡ ಮೊದಲ ಪೂರ್ತಿ ದಿನವೇ ವಿಶ್ರಾಂತಿಯ ದಿನ, ಇನ್ನೂ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡದೆ. ಸ್ವಿಸ್ ದೇವಶಾಸ್ತ್ರಜ್ಞ ಕಾರ್ಲ್ ಬಾರ್ಥ್ ಇದನ್ನು ಒತ್ತಿ ಹೇಳಿದ್ದರು. ದುಡಿದು ಗಳಿಸದ ವಿಶ್ರಾಂತಿ ಅದು, ಬರಿಯ ಕೃಪೆ. 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ನಮ್ಮ ಕ್ಯಾಂಟೀನಿನಲ್ಲೆಲ್ಲ ಗಂಟೆಗಳ ಲೆಕ್ಕವೇ. ನನ್ನನ್ನು ಕಾಡಿದ್ದು ಬೇರೆ: ನಾನು ಯಾರವಳು?

ಈ ಪ್ರಶ್ನೆಗೆ ನನಗೆ ನೆನಪಾಗುವುದು ಮೈಸೂರು ರಸ್ತೆಯ ಕುಂಬಳಗೋಡಿನ ಬಳಿ ಇರುವ ಆಶೀರ್ವನಂ ಎಂಬ ಬೆನೆಡಿಕ್ಟಿನ್ ಮಠ. ಅಂಥ ಮಠಗಳಿಗೆ ಸಂತ ಬೆನೆಡಿಕ್ಟ್ ಆರನೆಯ ಶತಮಾನದಲ್ಲಿ ಬರೆದ ನಿಯಮದ ಪ್ರಕಾರ, ಪ್ರಾರ್ಥನೆಯ ಗಂಟೆ ಬಾರಿಸಿದರೆ ಸನ್ಯಾಸಿ ಕೈಯಲ್ಲಿದ್ದ ಕೆಲಸವನ್ನು ಹಾಗೇ ಬಿಟ್ಟು ಏಳಬೇಕು. ಮುಗಿಸಿ ಬರುತ್ತೇನೆ ಎನ್ನುವ ಹಾಗಿಲ್ಲ. ನನಗೆ ಇದಕ್ಕಿಂತ ಕಷ್ಟದ ಭಕ್ತಿ ಗೊತ್ತಿಲ್ಲ. ಈಗ ಶನಿವಾರ ರಾತ್ರಿ ಊಟಕ್ಕೆ ಮುಂಚೆ ಆಫೀಸಿನ ಫೋನು ಬೀರುವಿಗೆ ಹೋಗುತ್ತದೆ, ಉತ್ತರಿಸದ ಮೇಲ್‌ಗಳ ಸಮೇತ. ಲೋಕ ನಡೆಯುತ್ತಿರುವುದು ನನ್ನಿಂದಲ್ಲ ಎಂದು ಬಾಯಲ್ಲಿ ಹೇಳುವುದು ಸುಲಭ. ಅರ್ಧಕ್ಕೆ ನಿಂತ ಕೆಲಸವನ್ನು ನೋಡುತ್ತಾ ಹೇಳುವಾಗಲೇ ಅದು ನಂಬಿಕೆಯಾಗುವುದು. ಭಾರ ಹೊತ್ತವರನ್ನೆಲ್ಲ ಕ್ರಿಸ್ತ ಕರೆದಾಗಲೂ, ಬರುವ ಮೊದಲು ಏನೇನು ಮುಗಿಸಿರಬೇಕೆಂದು ಪಟ್ಟಿ ಕೊಡಲಿಲ್ಲ.

ಇಷ್ಟಕ್ಕೆ ನಿಂತರೆ ಅದು ಅನುಕೂಲಸ್ಥರ ಧ್ಯಾನವಾದೀತು. ಧರ್ಮೋಪದೇಶಕಾಂಡದಲ್ಲಿ ಸಬ್ಬತ್ತಿಗೆ, ಅಂದರೆ ವಿಶ್ರಾಂತಿಯ ದಿನಕ್ಕೆ, ಕೊಟ್ಟ ಕಾರಣ ಐಗುಪ್ತದ ದಾಸತ್ವ: ಇಟ್ಟಿಗೆಯ ಲೆಕ್ಕ ತುಂಬಿಸುತ್ತಲೇ ಸವೆದ ಜನ ತಮ್ಮ ಆಳುಗಳನ್ನು ಹಾಗೆ ದುಡಿಸಬಾರದು. ಎತ್ತು, ಕತ್ತೆ, ದಾಸ, ದಾಸಿ, ಪರದೇಶಿ, ಎಲ್ಲರಿಗೂ ಅದೇ ದಿನ ಬಿಡುವು. ಜಯನಗರ, ಬನಶಂಕರಿ, ಬಿ.ಟಿ.ಎಂ.ನಲ್ಲಿ ನಾವು ಆರಾಧನೆ ಮುಗಿಸಿ ಬರುವ ಹೊತ್ತಿಗೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುವವಳಿಗೆ ಎಷ್ಟೋ ಕಡೆ ವಾರದ ಏಳೂ ದಿನ ಕೆಲಸ. ಅವಳೂ ದಣಿದಿದ್ದಾಳೆ, ಅದಕ್ಕೆ ಬರ್ನ್‌ಔಟ್ ಎಂದು ಯಾರೂ ಹೆಸರಿಡುವುದಿಲ್ಲ. ನಿಮ್ಮ ಮನೆಯಲ್ಲೂ ಹಾಗಿದ್ದರೆ, ಬರುವ ಭಾನುವಾರದಿಂದ ಅವಳಿಗೆ ರಜೆ ಕೊಡಿ. ಸಂಬಳ ಮುರಿಯಬೇಡಿ.