ತಿಳಿಯದೆ ನಕ್ಕ ನಗು

ಮೂವತ್ತು ವರ್ಷಗಳಿಂದ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತ ಬಂದವಳಿಗೆ ಪ್ರಶ್ನೆಗಳೇನೂ ಹೊಸವಲ್ಲ. ಆದರೆ 2023ರ ಮೇ ತಿಂಗಳ ಒಂದು ಸಂಜೆ, ಒಲೆಯ ಮೇಲೆ ಚಹಾಕ್ಕೆ ಇಟ್ಟು ನಿಂತಿದ್ದಾಗ ಮಗಳು ಇಟಲಿಯಿಂದ ಫೋನು ಮಾಡಿ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ.

"ಅವ್ವಾ, ತಿಳೀದಿದ್ರೂ ನಕ್ರ ಅದು ಸುಳ್ಳು ಹೇಳಿದಂಗ ಆಗ್ತದೇನು?"

"ಯಾಕವಾ, ಏನಾತು?" ಎಂದೆ.

"ಏನಿಲ್ಲಬೇ, ಸುಮ್ಮನ ಕೇಳಿದೆ" ಎಂದಳು. ಧ್ವನಿ ಹಾಗಿರಲಿಲ್ಲ. ಚಹಾ ಉಕ್ಕಿ ಒಲೆ ಆರಿತು. ನಮ್ಮವರು ಒಳಗೆ ಬಂದು ಅದನ್ನು ಒರೆಸಿದರು. ನಾನು ಫೋನು ಹಿಡಿದು ಹಿತ್ತಲಿಗೆ ಹೋದೆ.

ಮಗಳು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಮುಗಿಸಿ, 2022ರಲ್ಲಿ ಮುಂದಿನ ಓದಿಗೆ ಪಾದೋವಾಕ್ಕೆ ಹೋದವಳು. ಅಲ್ಲಿಯ ವಿಶ್ವವಿದ್ಯಾಲಯ 1222ರದು. ಜಗತ್ತಿನಲ್ಲಿ ಮೊದಲು ಡಾಕ್ಟರೇಟ್ ಪಡೆದ ಹೆಣ್ಣುಮಗಳು ಎಂದು ಹೆಸರಾದ ಎಲೆನಾ ಕೊರ್ನಾರೋ 1678ರಲ್ಲಿ ಪದವಿ ಪಡೆದದ್ದು ಅಲ್ಲಿಯೇ. ಇದನ್ನೆಲ್ಲ ನಾನು ಬಂಧುಗಳ ಮುಂದೆ ಹೇಳಿಕೊಂಡು ಬೀಗಿದ್ದೆ. ಪಾಠ ಇಂಗ್ಲಿಷಿನಲ್ಲಿ, ಆದರೆ ಇರುವ ಮನೆ ಇಂಗ್ಲಿಷಿನದಲ್ಲ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಹಾಸ್ಟೆಲು ಸಿಗದೆ ಅವಳು ಊರ ಅಂಚಿನ ಒಂದು ಮನೆಯಲ್ಲಿ ಕೋಣೆ ಹಿಡಿದಳು. ಮನೆಯಲ್ಲಿ ಮಗ, ಸೊಸೆ, ಎಂಬತ್ತು ದಾಟಿದ ಒಬ್ಬ ಅಜ್ಜಿ. ಮಗ ಸೊಸೆ ಕೆಲಸಕ್ಕೆ ಹೋಗುವವರು. ಹೀಗಾಗಿ ಸಂಜೆ ಅಡುಗೆಮನೆಯಲ್ಲಿ ಅಜ್ಜಿ, ಇವಳು, ಮತ್ತು ಟಿವಿ.

ಅಲ್ಲಿ ಟಿವಿ ಇರುವುದು ಅಡುಗೆಮನೆಯಲ್ಲಿ. ಏಳರ ಸುಮಾರಿಗೆ ಒಂದು ಪ್ರಶ್ನೋತ್ತರದ ಆಟ. ಕೊನೆಗೆ ಐದು ಶಬ್ದ ಕೊಟ್ಟು, ಐದಕ್ಕೂ ಹೊಂದುವ ಆರನೆಯದನ್ನು ಹುಡುಕಿ ಅನ್ನುತ್ತಾರಂತೆ. ಎಂಟಕ್ಕೆ ಸುದ್ದಿ, ಸುದ್ದಿಯ ಜೊತೆಗೇ ಊಟ. ಇವಳು ಇಟಾಲಿಯನ್ ಕಲಿತದ್ದು ಹೆಚ್ಚಾಗಿ ಆ ಆಟದಿಂದ. ಅಜ್ಜಿ ನಕ್ಕಾಗ ನಗುವುದು, ಅಜ್ಜಿ "ನೋಡು ನೋಡು" ಅಂದಾಗ "ಸೀ, ಸೀ" ಎಂದು ತಲೆಯಾಡಿಸುವುದು, ಇದು ಮೊದಲ ತಿಂಗಳಿನಿಂದ ರೂಢಿಯಾಯಿತು. "ಸೀ" ಅಂದರೆ "ಹೂಂ".

ಆ ಮೇ ತಿಂಗಳು ಇಟಲಿಯ ಎಮಿಲಿಯಾ ರೊಮಾನ್ಯಾ ಪ್ರಾಂತದಲ್ಲಿ ದೊಡ್ಡ ಪ್ರವಾಹ ಬಂದಿತ್ತು. ಸುದ್ದಿ ಮುಗಿದು ಜಾಹೀರಾತು ಶುರುವಾದಾಗ ಅಜ್ಜಿ ಏನೋ ಹೇಳತೊಡಗಿದರು. ಅವರು ಇವಳೊಡನೆ ಆಡುವುದು ಟಿವಿಯ ಇಟಾಲಿಯನ್; ಆದರೆ ಮನಸ್ಸು ತುಂಬಿ ಬಂದಾಗ ತಮ್ಮ ಸೀಮೆಯ ವೇನೆತೋ ಮಾತಿಗೆ ಜಾರುತ್ತಾರೆ. ಇವಳಿಗೆ ಹಿಡಿದದ್ದು ಎರಡೇ ಶಬ್ದ: ನೀರು, ಬೂಟು. ಹುಡುಗುತನದಲ್ಲಿ ಬೂಟು ನೀರಿಗೆ ಬಿಟ್ಟ ತುಂಟತನದ ಕತೆ ಇರಬೇಕು ಎಂದುಕೊಂಡು ಎಂದಿನಂತೆ ನಕ್ಕಳು. "ಬೆಲ್ಲೋ" ಎಂದಳಂತೆ. ಚೆನ್ನಾಗಿದೆ ಎಂದು ಅರ್ಥ.

ಅಜ್ಜಿ ಮಾತು ನಿಲ್ಲಿಸಿ, ತಟ್ಟೆ ತೊಳೆಯಲು ಎದ್ದರು.

ಮರುದಿನ ಸೊಸೆ ಬಿಡಿಸಿ ಹೇಳಿದಳು. 1951ರ ನವೆಂಬರಿನಲ್ಲಿ ಪೋ ನದಿ ಒಡ್ಡು ಒಡೆದು ಪೊಲೇಸಿನೆ ಎಂಬ ಸೀಮೆಯನ್ನೆಲ್ಲ ಮುಳುಗಿಸಿತು. ತಪ್ಪಿಸಿಕೊಂಡು ಹೊರಟವರನ್ನು ಹೊತ್ತ ಒಂದು ಲಾರಿ ನೀರಿನಲ್ಲಿ ಸಿಕ್ಕಿ ಅದೊಂದರಲ್ಲೇ 84 ಜನ ಸತ್ತರು. ಒಂದೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಮಂದಿ ಮನೆ ಬಿಟ್ಟರು. ಅಜ್ಜಿಗೆ ಆಗ ಒಂಬತ್ತು ವರ್ಷ. ಅವರ ತಮ್ಮ ಒಂದು ಕಾಲಿನ ಬೂಟು ಕಳೆದುಕೊಂಡು ತಣ್ಣೀರಿನಲ್ಲಿ ನಡೆದು ಬಂದು, ಆ ಚಳಿಗಾಲ ಆಶ್ರಯದ ಊರಿನಲ್ಲಿ ಜ್ವರ ಬಂದು ತೀರಿಕೊಂಡ. ಅದನ್ನು ಅವರು ಹೊರಗಿನವರ ಮುಂದೆ ಹೇಳಿದ್ದೇ ಇಲ್ಲವಂತೆ.

ನಾನು ಮೊದಲು ತಾಯಿಯಾಗಿಯೇ ಉತ್ತರ ಕೊಟ್ಟೆ. "ಸುಳ್ಳು ಹ್ಯಾಂಗಾಗ್ತದವಾ? ಅದು ಮರ್ಯಾದಿ. ದೊಡ್ಡವರು ಮಾತಾಡುವಾಗ ಕಲ್ಲಿನಂಗ ಕುಂದರಾಕಾಗ್ತದೇನು?" ಅವಳು ಸಮಾಧಾನ ಆದವಳಂತೆ ಫೋನು ಇಟ್ಟಳು. ಸಮಾಧಾನ ಆಗದವಳು ನಾನು.

ಏಕೆಂದರೆ ಹಾಗೆ ತಲೆಯಾಡಿಸಿದ ಅನುಭವ ನನಗೂ ಇದೆ. ಬಿ.ಎ. ಓದುವಾಗ ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಮರಾಠಿ ಮನೆಯಲ್ಲಿ ಕೋಣೆ ಹಿಡಿದಿದ್ದೆ. ಮನೆಯ ಹಿರಿಯ ಬಾಯಿಗೆ ಕನ್ನಡ ಬಾರದು, ಹಳ್ಳಿಯಿಂದ ಬಂದ ನನಗೆ ಮರಾಠಿ ಬಾರದು. ಅವರು ಕೇಳಿದ್ದಕ್ಕೆಲ್ಲ ನಾನು "ಹೋ" ಎನ್ನುತ್ತಿದ್ದೆ. "ಜೇವಲೀಸ್ ಕಾ?" ಎಂದು ಅಕ್ಕರೆಯಿಂದ ಕೇಳುವರು; ನಾನು ನಕ್ಕು "ಹೋ" ಎನ್ನುವೆ. ಊಟ ಆಯಿತೇ ಎಂದು ಕೇಳುತ್ತಿದ್ದರು ಎಂದು ಗೊತ್ತಾಗುವ ಹೊತ್ತಿಗೆ ಎಷ್ಟೋ ರಾತ್ರಿ ಅವಲಕ್ಕಿ ತಿಂದು ಮಲಗಿದ್ದಾಗಿತ್ತು! ಆ ಸುಳ್ಳಿನ ದಂಡವನ್ನು ನನ್ನ ಹೊಟ್ಟೆ ತೆತ್ತಿತು, ಬೇರೆಯವರಿಗೇನೂ ಆಗಲಿಲ್ಲ. ಅದೇ ಮನೆಯಲ್ಲಿ 1987ರಲ್ಲಿ ಭಾನುವಾರ ಬೆಳಿಗ್ಗೆ 'ರಾಮಾಯಣ' ನೋಡಲು ಓಣಿಯೆಲ್ಲ ಸೇರುತ್ತಿತ್ತು. ಹಿಂದಿ ಪೂರ್ತಿ ತಿಳಿದವರು ನಾಲ್ಕೈದು ಜನ ಇದ್ದರೇನೋ. ಕತೆ ಗೊತ್ತಿತ್ತು, ಎಲ್ಲರೂ ಕೂಡಿಯೇ ಅತ್ತೆವು.

ಅದಕ್ಕೂ ಹಿಂದಿನದು ಇನ್ನೂ ಸ್ವಾರಸ್ಯ. 1975ರ ಆಗಸ್ಟ್‌ನಿಂದ ಒಂದು ವರ್ಷ ಸರ್ಕಾರ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿತು. ಸೈಟ್ ಎಂದು ಅದರ ಹೆಸರು. ನಮ್ಮ ಕಡೆ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ವಿಜಾಪುರ ಜಿಲ್ಲೆಯ ನಮ್ಮ ಹಳ್ಳಿಯ ಶಾಲೆಗೂ ಒಂದು ಪೆಟ್ಟಿಗೆ ಬಂತು, ಮೇಲೆ ಕೋಳಿಗೂಡಿನ ಜಾಳಿಗೆಯಂಥ ದೊಡ್ಡ ಬುಟ್ಟಿ. ಸಂಜೆ ಕನ್ನಡದಲ್ಲಿ ಬೇಸಾಯ, ಆರೋಗ್ಯ. ಜೊತೆಗೆ ಅರ್ಧ ತಾಸು ಹಿಂದಿ. ಹಿಂದಿ ಶುರುವಾದರೂ ನಮ್ಮೂರ ಹೆಣ್ಣುಮಕ್ಕಳು ಎದ್ದು ಹೋಗುತ್ತಿರಲಿಲ್ಲ. ಪರದೆಯಲ್ಲಿ ಯಾರಾದರೂ ನಕ್ಕರೆ ತಾವೂ ಸೆರಗು ಬಾಯಿಗಿಟ್ಟು ನಗುವರು. ಆ ನಗುವನ್ನು ಸುಳ್ಳು ಎನ್ನಲು ನನಗೆ ಇವತ್ತಿಗೂ ಮನಸ್ಸು ಬಾರದು. ಟಿವಿಗೆ ನಾವು ಏನು ಸಾಲ ಕೊಡಬೇಕು? ನಾವು ತಿಳಿದೆವೋ ಬಿಟ್ಟೆವೋ, ಅದರ ಪಾಡಿಗೆ ಅದು ಮಾತಾಡುತ್ತದೆ. ಎದುರಿಗೆ ಕೂತ ಮನುಷ್ಯಳು ಹಾಗಲ್ಲವಲ್ಲ. ನಾನು ತಲೆಯಾಡಿಸಿದರೆ, ತನ್ನ ಮಾತು ಒಂದು ಕಡೆ ಮುಟ್ಟಿತು ಎಂದು ಅವಳು ನಂಬಿಕೊಳ್ಳುತ್ತಾಳೆ. ಮುಟ್ಟಿರುವುದಿಲ್ಲ. ಇಷ್ಟು ವಿಚಾರ ಮಾಡಿದ ಮೇಲೆ ಮಗಳ ಪ್ರಶ್ನೆಗೆ "ಹೌದು, ಸುಳ್ಳೇ" ಎಂದು ಹೇಳಿಬಿಡಬಹುದಿತ್ತು. ಆಗ ನಮ್ಮ ಅತ್ತೆಯವರು ಅಡ್ಡ ಬಂದರು.

ಅತ್ತೆಯವರು ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಕೊನೆಯ ಏಳೆಂಟು ವರ್ಷ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಯಂತ್ರ ತಂದರೆ "ಒಳಗ ಜೀರುಂಡೆ ಕುಂತಂಗ ಆಗ್ತದ" ಎಂದು ತೆಗೆದಿಟ್ಟರು. 2005ರ ಸುಮಾರು ಈಟಿವಿ ಕನ್ನಡದಲ್ಲಿ 'ಸಿಲ್ಲಿ ಲಲ್ಲಿ' ಬರುತ್ತಿತ್ತು. ಶಾಲೆಯಿಂದ ಬಂದು, ಅಡುಗೆ ಮುಗಿಸಿ, ಎಲ್ಲರೂ ಕೂಡಿ ನೋಡುವ ಹೊತ್ತು ಅದು. ಅತ್ತೆಯವರು ಗೋಡೆಗೆ ಆನಿಸಿ ಕೂತು, ನಾವು ನಕ್ಕಲ್ಲೆಲ್ಲ ನಗುತ್ತಿದ್ದರು. ಕಿವಿ ಚೆನ್ನಾಗಿದ್ದಾಗ "ಆ ಬೆಂಗಳೂರವರ ಕನ್ನಡ ನಮಗ ಹತ್ತೂದುಲ್ಲ" ಎನ್ನುತ್ತಿದ್ದವರು ಈಗ ಇಷ್ಟು ನಗುತ್ತಾರಲ್ಲ ಎಂದು ನಮಗೆಲ್ಲ ಸಂತೋಷವೇ.

ಒಂದು ದಿನ ಆರು ವರ್ಷದ ನಮ್ಮ ಮಗಳು, ಹೌದು, ಇದೇ ಮಗಳು, ಟಿವಿಯ ದನಿ ಪೂರ್ತಿ ಇಳಿಸಿಬಿಟ್ಟಳು. ಮಕ್ಕಳ ಚೇಷ್ಟೆ. ಇಳಿಸಿ ತಾನು ಖೊಳ್ಳೆಂದು ನಕ್ಕಳು. ಅತ್ತೆಯವರೂ ನಕ್ಕರು. ಮತ್ತೆ ನಕ್ಕಳು, ಮತ್ತೆ ನಕ್ಕರು. ನಾವು ದೊಡ್ಡವರು ಗದರಿಸಬೇಕಿತ್ತು. ನಗು ತಡೆಯದೆ ನಾವೂ ನಕ್ಕೆವು. ಆಮೇಲೆ ಆ ಕತೆಯನ್ನು ನಾನೇ ಮದುವೆ ಮುಂಜಿವೆಗಳಲ್ಲಿ ಬಂಧುಗಳಿಗೆ ಹೇಳಿ ನಗಿಸಿದ್ದೇನೆ. ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಹೇಳಿದ್ದು ನಿಜ.

ಯಾರಿಂದಲೋ ಅವರಿಗೆ ಗೊತ್ತಾಯಿತು. ಒಂದು ಮಧ್ಯಾಹ್ನ ಶೇಂಗಾ ಒಡೆಯುತ್ತ ಕೂತಾಗ, ಸಿಟ್ಟಿಲ್ಲದೆ ಹೇಳಿದರು: "ನನಗ ಕೇಳೂದುಲ್ಲ ಅಂತ ನನಗ ಗೊತ್ತಿಲ್ಲೇನವಾ? ನೀವೆಲ್ಲ ನಗುವಾಗ ನಾ ಒಬ್ಬಾಕಿ ಸುಮ್ಮನ ಕುಂತ್ರ, ನನಗ ಒದರಿ ಹೇಳಬೇಕಾಗ್ತದ ನಿಮಗ. ದುಡದು ಬಂದಿರ್ತೀರಿ."

ಈಗ ಹೇಳಿ, ಸುಳ್ಳು ಯಾರದು? ನಗು ಅವರದು, ನಿಜ. ಆದರೆ ಆ ನಗುವಿನಿಂದ ಅನುಕೂಲವಾದದ್ದು ನಮಗೆ. ಅವರು ನಗುತ್ತಿರುವವರೆಗೆ ಯಾರೂ ಎದ್ದು ಅವರ ಕಿವಿಯ ಹತ್ತಿರ ಹೋಗುವ ಕಾರಣವಿರಲಿಲ್ಲ. ತಿಳಿಯಿತೋ ಇಲ್ಲವೋ ಎಂದು ನಾವು ಕೇಳಲೇ ಇಲ್ಲ, ಕೇಳಿದರೆ ಕೆಲಸ ಹೆಚ್ಚುತ್ತದೆ ಎಂದು ನಮಗೂ ಒಳಗೊಳಗೆ ಗೊತ್ತಿತ್ತು. ಹೀಗಿರುವಾಗ ಮಗಳದು ತಪ್ಪು ಎಂದು ಯಾವ ಬಾಯಿಂದ ಹೇಳಲಿ? ತಪ್ಪಲ್ಲ ಎಂದೂ ಹೇಳಲಾರೆ. ಅತ್ತೆಯವರು ನಕ್ಕದ್ದು ನಮ್ಮ ದಣಿವು ನೋಡಿ. ಮಗಳು ನಕ್ಕದ್ದು "ತಿಳಿಯಲಿಲ್ಲ" ಎಂದು ಒಪ್ಪಿಕೊಳ್ಳುವ ಸಂಕೋಚಕ್ಕೆ. ನಗು ಒಂದೇ, ತೂಕ ಬೇರೆ.

ಮರುವಾರ ಫೋನಿನಲ್ಲಿ ಇದನ್ನೆಲ್ಲ ಅವಳಿಗೆ ಹೇಳಿದೆ. ದನಿ ಇಳಿಸಿದ್ದು ಅವಳಿಗೆ ನೆನಪೇ ಇರಲಿಲ್ಲ. ಬಹಳ ಹೊತ್ತು ಮಾತಾಡಲಿಲ್ಲ. "ಹೋಗಿ ತಿಳೀಲಿಲ್ಲ ಅಂತ ಹೇಳವಾ. ತಪ್ಪಾತು ಅಂತ ಆಮ್ಯಾಲ ಹೇಳೀಯಂತ" ಎಂದೆ.

ಹೇಳಿದಳು. "ನೋನ್ ಓ ಕಪೀತೋ" ಅನ್ನಬೇಕಂತೆ. ಅಜ್ಜಿ ಅವತ್ತು ಬರೀ "ಇರಲಿ" ಎಂದರು. ಮೂರು ವಾರ ಆ ಮಾತು ಎತ್ತಲಿಲ್ಲ. ಟಿವಿ ಮುಂದೆ ಕೂರುವುದೂ ಕಷ್ಟವಾಗಿತ್ತು ಎಂದಳು ಮಗಳು. ನಗಲು ಬಾರದು, ಸುಮ್ಮನಿರಲೂ ಬಾರದು. ಆಮೇಲೊಂದು ಸಂಜೆ ಅಜ್ಜಿ ತಾವೇ ಟಿವಿ ಆರಿಸಿ, ಕರೆಂಟಿನ ಬಿಲ್ಲಿನ ಬೆನ್ನ ಮೇಲೆ ಚಿತ್ರ ಬರೆದರು: ನದಿ, ಒಡ್ಡು, ಮನೆ, ಒಂದು ಬೂಟು. ನಿಧಾನವಾಗಿ, ಇಟಾಲಿಯನ್ನಿನಲ್ಲೇ, ಮೊದಲಿನಿಂದ ಹೇಳಿದರು. ಹೀಗೆ ಚಿತ್ರ ಬರೆದು ಹೇಳುವುದನ್ನು ಕಲಿಸಿದ್ದು ಟಿವಿಯ ಮಾಸ್ತರು ಎಂದೂ ಹೇಳಿದರಂತೆ. 1960ರಿಂದ 1968ರವರೆಗೆ ಅಲ್ಬೆರ್ತೊ ಮಾಂಜಿ ಎಂಬ ಶಾಲಾ ಮಾಸ್ತರರು ಇಟಲಿಯ ಟಿವಿಯಲ್ಲಿ ದೊಡ್ಡ ಕಾಗದದ ಮೇಲೆ ಇದ್ದಲಿನಿಂದ ಚಿತ್ರ ಬರೆಯುತ್ತ ಓದು ಬಾರದ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದರು. ಅಜ್ಜಿಯ ತಾಯಿ ಸಹಿ ಹಾಕಲು ಕಲಿತದ್ದು ಅದರಲ್ಲಿ. ಆ ತಾಯಿಗೂ ಮನೆಮಾತು ಬಿಟ್ಟರೆ ಇಟಾಲಿಯನ್ ಬರುತ್ತಿರಲಿಲ್ಲವಂತೆ. ಬಾರದ ಭಾಷೆಯ ಮುಂದೆ ಕೂತು ತಲೆಯಾಡಿಸುವ ಕಷ್ಟ ಅಜ್ಜಿ ನೋಡದ್ದೇನಲ್ಲ.

ಮಗಳಿಗೆ ಅರ್ಧ ತಿಳಿಯಿತಂತೆ. ತಿಳಿಯದಲ್ಲೆಲ್ಲ ತಡೆದು ಕೇಳಿದಳು. ಹನ್ನೊಂದಾಯಿತು, ಊಟ ಆರಿತು.

ನನಗೆ ಹಾಗೆ ಹೋಗಿ ಹೇಳಲು ಅತ್ತೆಯವರಿಲ್ಲ. ಆ ಸಂಜೆಗಳಲ್ಲಿ ಅವರು ಟಿವಿಯಲ್ಲಿ ಏನು ಕಾಣುತ್ತಿದ್ದರು, ನಗುತ್ತಿರುವ ನಮ್ಮ ಮುಖಗಳನ್ನೇ ನೋಡುತ್ತಿದ್ದರೋ ಏನೋ, ಯಾರನ್ನು ಕೇಳಲಿ?

ಶಾಲೆಯಲ್ಲಿ ಮಾತ್ರ ಒಂದು ಬದಲು ಮಾಡಿಕೊಂಡಿದ್ದೇನೆ. ನಮ್ಮ ತರಗತಿಯಲ್ಲಿ ಮನೆಯಲ್ಲಿ ಉರ್ದು, ಲಂಬಾಣಿ, ಮರಾಠಿ, ತೆಲುಗು ಆಡುವ ಮಕ್ಕಳಿದ್ದಾರೆ. "ತಿಳೀತೇನು?" ಎಂದರೆ ನಲವತ್ತು ಬಾಯಿ ಒಂದಾಗಿ "ತಿಳೀತ್ರೀ ಟೀಚರ್" ಎನ್ನುತ್ತವೆ. ಮೂವತ್ತು ವರ್ಷ ಆ ಉತ್ತರ ಕೇಳಿ ಪುಟ ತಿರುಗಿಸಿದವಳು ನಾನು. ಈಗ "ಯಾರಿಗೆ ತಿಳೀಲಿಲ್ಲ?" ಎಂದು ಕೇಳಿ ಸುಮ್ಮನೆ ನಿಲ್ಲುತ್ತೇನೆ. ತರಗತಿ ನಿಶ್ಶಬ್ದವಾಗುತ್ತದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮೊನ್ನೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಎದೆ ಹಿಗ್ಗಿ ಹತ್ತಿರ ಹೋದೆ.

"ನೀರು ಕುಡ್ಯಾಕ ಹೋಗ್ಲ್ಯಾ ಟೀಚರ್?" ಎಂದಳು ಹುಡುಗಿ.