ಏಳನೆಯ ತಿಂಗಳು

ಪುತ್ತೂರು, ಸುಳ್ಯ, ಕಡಬದ ಕಡೆ ಬೀಡಿ ಕಟ್ಟುವ ಹೆಂಗಸಿಗೆ ರುಮಟಾಯ್ಡ್ ಸಂಧಿವಾತ ಬಂದರೆ ಮೊದಲು ಹೋಗುವುದು ದುಡಿಮೆ. ಬೆಳಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಎರಗುವ ಕಾಯಿಲೆ ಇದು. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ಅಗ್ಗ, ಹಲವರಿಗೆ ಸಾಕು. ಸಾಕಾಗದವರಿಗೆ ಪ್ರತಿಕಾಯದ ಇಂಜೆಕ್ಷನ್‌ಗಳಿವೆ. ಬೀಡಿಯ ಮಜೂರಿಗೆ ಅವು ಎಟುಕುವುದಿಲ್ಲ. ಅಂಥವಳ ಮುಂದೆ ಹೊಸ ಪ್ರತಿಕಾಯವೊಂದರ ಪರೀಕ್ಷೆಯ ಕಾಗದ ಇಟ್ಟು, ಔಷಧ ಉಚಿತ ಎಂದರೆ, ಅವಳು ಹಾಕುವ ಸಹಿ ಒಪ್ಪಿಗೆಯೇ?

ಅಪಾಯ ಬರೀ ಕಲ್ಪನೆಯಲ್ಲ. 2006ರ ಮಾರ್ಚ್‌ನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ, ಈ ಕಾಯಿಲೆಗೂ ಆಗಬಹುದೆಂದುಕೊಂಡಿದ್ದ ಟಿಜಿಎನ್1412 ಎಂಬ ಪ್ರತಿಕಾಯವನ್ನು ಆರು ಮಂದಿ ಆರೋಗ್ಯವಂತರಿಗೆ ಕೊಟ್ಟರು. ಪ್ರಾಣಿಗಳಿಗೆ ಸುರಕ್ಷಿತವೆನಿಸಿದ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ. ಆರೂ ಮಂದಿ ತೀವ್ರ ನಿಗಾ ಘಟಕ ಸೇರಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಆದರೆ ಅದೇ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ 1992ರಲ್ಲಿ ರವೀಂದರ್ ಮೈನಿ, ಮಾರ್ಕ್ ಫೆಲ್ಡ್‌ಮನ್ ನಡೆಸಿದ ಪ್ರಯೋಗಕ್ಕೆ ಕೆಲವೇ ರೋಗಿಗಳು ಮೈಯೊಡ್ಡಿದ್ದರಿಂದ ಸಂಧಿವಾತಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ದಕ್ಕಿತು.

ಹಾಗಾಗಿ ಬಡವರನ್ನು ಪರೀಕ್ಷೆಯಿಂದ ಹೊರಗಿಡಿ ಎನ್ನುವ ಸಜ್ಜನಿಕೆ ನನಗೆ ಹಿಡಿಸುವುದಿಲ್ಲ. ನೋವಿದ್ದವಳಿಗೆ ವಿವೇಕವಿಲ್ಲ ಎಂದು ನಾವೇ ತೀರ್ಮಾನಿಸಿದಂತೆ ಅದು. ಕೇಳದೆ ಮಾಡುವುದೆಂದರೇನು ಎಂಬುದು ಈ ಸೀಮೆಗೆ ಗೊತ್ತು: ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಯಾರೂ ಯಾರ ಸಹಿಯನ್ನೂ ಕೇಳಿರಲಿಲ್ಲ. ಒಪ್ಪಿಗೆ ಪಡೆಯುವುದನ್ನು ಚಿತ್ರೀಕರಿಸಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಒಳ್ಳೆಯದೇ. ಆದರೆ ಕ್ಯಾಮೆರಾಕ್ಕೆ ಸಿಗುವುದು ತಲೆಯಾಡಿಸಿದ್ದು ಮಾತ್ರ. ಮನೆಯಲ್ಲಿ ತುಳುವೋ ಅರೆಭಾಷೆಯೋ ಆಡುವವಳಿಗೆ ಆಫೀಸು ಕನ್ನಡದ ಪತ್ರ. “ನೀವು ಹೇಳಿದ ಹಾಗೆ ಡಾಕ್ಟ್ರೇ” ಎನ್ನುವುದು ಇಲ್ಲಿನ ಮರ್ಯಾದೆ. ತನಗೆ ಚುಚ್ಚಿದ್ದು ಔಷಧವೋ ಪ್ಲಸೀಬೊವೋ ಎಂಬುದು ಆ ಡಾಕ್ಟರಿಗೂ ತಿಳಿದಿರದೆ ಇರಬಹುದು ಎಂದರೆ ಅವಳು ನಂಬುವಳೇ?

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಆಮೇಲಿನದು. ಪ್ರತಿಕಾಯ ಕಾಯಿಲೆಯನ್ನು ಕಳೆಯುವುದಿಲ್ಲ, ತಡೆದಿಡುತ್ತದೆ. ನಿಲ್ಲಿಸಿದರೆ ಬಹಳ ಮಂದಿಗೆ ಬಾವು ಮರಳುತ್ತದೆ. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ, ಪರೀಕ್ಷೆ ಮುಗಿದ ಮೇಲೂ ಔಷಧವನ್ನು ಉಚಿತವಾಗಿ ಕೊಡಲು ಅವಕಾಶವಿದೆ. ಷರತ್ತು ಏನೆಂದರೆ, ಆ ಕಾಯಿಲೆಗೆ ಬೇರೆ ಚಿಕಿತ್ಸೆ ಇರಬಾರದು. ಸಂಧಿವಾತಕ್ಕೆ ಬೇರೆ ಇಂಜೆಕ್ಷನ್‌ಗಳು ಮೆಡಿಕಲ್ ಶಾಪಿನಲ್ಲಿ ಇವೆ. ಅವಳ ಪಾಲಿಗೆ ಇಲ್ಲ. ಹಾಗಾದರೆ ‘ಇದೆ’ ಎಂಬುದನ್ನು ಯಾರ ಕಿಸೆ ನೋಡಿ ಹೇಳಬೇಕು? ಆರು ತಿಂಗಳ ಪರೀಕ್ಷೆಯಲ್ಲಿ ಬೆರಳು ಸಡಿಲವಾಗಿ, ಮತ್ತೆ ಬೀಡಿಯ ತಡ್ಪೆ ಮಡಿಲಿಗೆಳೆದುಕೊಂಡವಳಿಗೆ ಏಳನೆಯ ತಿಂಗಳು ಏನು ಸಿಗುತ್ತದೆ ಎಂಬುದು ಆ ಕಾಗದದ ಮೊದಲ ಪುಟದಲ್ಲೇ, ಅವಳ ಮನೆಮಾತಿನಲ್ಲೇ ಇರಬೇಕು.